ಮೂರು ಮಾತ್ರೆ, ಒಂದು ಪ್ಲಾಸ್ಟಿಕ್ ಹಾಳೆ: ಬೆಳಗಾವಿಯ ಹಳ್ಳಿಗಳಿಂದ ಒಂದು ಪ್ರಕರಣ ಅಧ್ಯಯನ

2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ಬಾಣಂತಿಯರು ಒಂದು ಸಂಶೋಧನೆಯಲ್ಲಿ ಪಾಲುಗೊಂಡರು. ಮಗು ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ ಐದು ನಿಮಿಷದೊಳಗೆ ಅವರಿಗೆ ಮೂರು ಮಾತ್ರೆ ನುಂಗಲು ಕೊಡಬೇಕಾಗಿತ್ತು. ಹೆರಿಗೆಯ ನಂತರದ ಅತಿಯಾದ ರಕ್ತಸ್ರಾವವನ್ನು ಮಾತ್ರೆಯಿಂದ ತಡೆಯಬಹುದೇ ಎಂಬುದು ಪ್ರಶ್ನೆ. 812 ಮಂದಿಯ ಪಾಲಿಗೆ ಬಂದದ್ದು ಮಿಸೊಪ್ರೊಸ್ಟಾಲ್ ಎಂಬ ಔಷಧಿ. ಉಳಿದ 808 ಮಂದಿಯ ಪಾಲಿಗೆ ಬಂದದ್ದು ನೋಡಲು ಹಾಗೆಯೇ ಇದ್ದ, ಒಳಗೆ ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದು ಸಿಕ್ಕಿತು ಎಂಬುದು ನುಂಗಿದವರಿಗೂ ತಿಳಿದಿರಲಿಲ್ಲ, ಕೊಟ್ಟವರಿಗೂ ತಿಳಿದಿರಲಿಲ್ಲ. ಕೊಟ್ಟವರು 25 ಮಂದಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯರು. ಹಳ್ಳಿಯವರು ‘ಸಿಸ್ಟರ್’ ಎಂದೋ ‘ನರ್ಸಮ್ಮ’ ಎಂದೋ ಕರೆಯುವವರು. ಫಲಿತಾಂಶ 2006ರ ಅಕ್ಟೋಬರ್‌ನಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಮ್ಮ ಆರೋಗ್ಯ ವಿಶ್ವವಿದ್ಯಾಲಯಗಳ ವಾರ್ಷಿಕ ವರದಿಗಳಲ್ಲಿ ‘ಸಮುದಾಯ ಸಂಪರ್ಕ’ ಎಂಬ ತಲೆಬರಹದ ಕೆಳಗೆ ಸಾಮಾನ್ಯವಾಗಿ ಸಿಗುವುದು ಶಿಬಿರಗಳ ಲೆಕ್ಕ: ಶಾಮಿಯಾನ, ಬ್ಯಾನರ್, ಸಾಲು ನಿಂತ ಜನ, ತಪಾಸಣೆಯಾದವರ ಸಂಖ್ಯೆ, ಗಣ್ಯರ ಫೋಟೊ. ‘ಸಂಶೋಧನಾ ಸಹಭಾಗಿತ್ವ’ ಎಂಬುದು ಬೇರೆಯೇ ಅಧ್ಯಾಯ. ಅದರಲ್ಲಿ ಸಹಿಯಾದ ಒಪ್ಪಂದಗಳ ಪಟ್ಟಿ ಇರುತ್ತದೆ. ಇವೆರಡೂ ಒಂದೇ ಕೆಲಸವಾದಾಗ ಏನಾಗುತ್ತದೆ ಎಂಬುದನ್ನು ನೋಡಲು ಬೆಳಗಾವಿಯ ಈ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡ ನಾಡಿನಲ್ಲಿ ನನಗೆ ಕಂಡಿಲ್ಲ. ಹೊಗಳುವುದಕ್ಕೆ ಇದರಲ್ಲಿ ಸಾಕಷ್ಟಿದೆ. ಮುಜುಗರ ತರುವ ಸಂಗತಿಗಳೂ ಇವೆ, ಅವನ್ನು ಬಿಟ್ಟು ಬರೆದರೆ ಇದೂ ಇನ್ನೊಂದು ವಾರ್ಷಿಕ ವರದಿಯಾಗುತ್ತದೆ.

ಪಾಲುದಾರರು

ಸಂಶೋಧನೆಯ ಕೇಂದ್ರ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು. 1916ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ 1963ರಲ್ಲಿ ತೆರೆದ ಕಾಲೇಜು ಇದು. ಅಧ್ಯಯನ ನಡೆಯುತ್ತಿದ್ದಾಗ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿತ್ತು. 2006ರಲ್ಲಿ ಸಂಸ್ಥೆಯದೇ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಕಾಲೇಜು ಇರುವುದು ನಗರದಲ್ಲಿ. ಆದರೆ ವಂಟಮುರಿ, ಕಿಣಯೆಯಂಥ ಹಳ್ಳಿಗಳಲ್ಲಿ ಅದರ ಸಮುದಾಯ ವೈದ್ಯಶಾಸ್ತ್ರ ವಿಭಾಗದ ಬೇರುಗಳಿವೆ.

ಇನ್ನೊಂದು ತುದಿಯಲ್ಲಿ ಅಮೆರಿಕದ ರಾಷ್ಟ್ರೀಯ ಮಕ್ಕಳ ಆರೋಗ್ಯ ಮತ್ತು ಮಾನವ ಅಭಿವೃದ್ಧಿ ಸಂಸ್ಥೆ ಇತ್ತು. ಹೊಸ ಶತಮಾನದ ಆರಂಭದಲ್ಲಿ ಅದು ಗೇಟ್ಸ್ ಪ್ರತಿಷ್ಠಾನದ ನೆರವಿನೊಂದಿಗೆ ಮಹಿಳೆಯರ ಮತ್ತು ಮಕ್ಕಳ ಆರೋಗ್ಯ ಸಂಶೋಧನೆಗಾಗಿ ‘ಗ್ಲೋಬಲ್ ನೆಟ್‌ವರ್ಕ್’ ಕಟ್ಟಿತು. ಅದರ ನಿಯಮ ಸರಳವಾಗಿತ್ತು: ಪ್ರತಿ ಕೇಂದ್ರದಲ್ಲೂ ಅಮೆರಿಕದ ಒಬ್ಬ ಮತ್ತು ಸ್ಥಳೀಯ ಒಬ್ಬ ಹಿರಿಯ ಸಂಶೋಧಕ ಜೋಡಿಯಾಗಿ ಕೆಲಸ ಮಾಡಬೇಕು. ಬೆಳಗಾವಿಗೆ ಜೋಡಿಯಾದದ್ದು ಮಿಸೌರಿ–ಕಾನ್ಸಾಸ್ ಸಿಟಿ ವಿಶ್ವವಿದ್ಯಾಲಯದ ರಿಚರ್ಡ್ ಡರ್ಮನ್. ಇಲ್ಲಿಯ ಕಡೆಯಿಂದ ಬಿ.ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ ಮತ್ತು ಅವರ ಸಂಗಡಿಗರು. ಷಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯದ ಸ್ಟೇಸಿ ಗೆಲ್ಲರ್ ಅವರ ತಂಡವೂ ಸೇರಿತು.

ಮೂರನೆಯ ಪಾಲುದಾರ ರಾಜ್ಯದ ಆರೋಗ್ಯ ಇಲಾಖೆ. ಇಂಥ ಕಥೆಗಳಲ್ಲಿ ಅದರ ಹೆಸರು ಹಿಂದಿನ ಸಾಲಿನಲ್ಲಿರುತ್ತದೆ. ಉಪಕೇಂದ್ರ ಇಲಾಖೆಯದು, ಸಹಾಯಕಿಯರ ಸಂಬಳ ಇಲಾಖೆಯದು, ಯಾವ ಮನೆಯಲ್ಲಿ ಯಾರು ಬಸುರಿ ಎಂಬ ದಾಖಲೆಯೂ ಇಲಾಖೆಯದೇ. ಕಾಲೇಜಿನ ಬಳಿ ಜ್ಞಾನವಿತ್ತು, ಅಮೆರಿಕದ ಬಳಿ ಹಣವಿತ್ತು, ಆದರೆ ಮನೆಯ ಹೊಸ್ತಿಲು ದಾಟುವ ಹಕ್ಕು ಇದ್ದದ್ದು ಆ ಸಹಾಯಕಿಯರಿಗೆ ಮಾತ್ರ.

ಪ್ರಶ್ನೆ ಹುಟ್ಟಿದ್ದು ಎಲ್ಲಿ

ಬಸುರಿನ ಕೊನೆಯ ದಿನಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿಡಿಸಿಕೊಂಡು ಬಿದ್ದ ಕೂಡಲೇ ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳೆಲ್ಲ ಬಾಯಿ ತೆರೆದು ನಿಲ್ಲುತ್ತವೆ. ಅವುಗಳ ಸುತ್ತ ಹೆಣೆದುಕೊಂಡಿರುವ ಗರ್ಭಕೋಶದ ಸ್ನಾಯು ಬಿಗಿದರೆ ಆ ಬಾಯಿಗಳು ಮುಚ್ಚಿಕೊಳ್ಳುತ್ತವೆ. ಬಿಗಿಯದೆ ಸಡಿಲವಾಗಿಯೇ ಉಳಿದರೆ ಬಾಣಂತಿ ಎರಡು ಗಂಟೆಯೊಳಗೆ ಸಾಯಬಹುದು. ಆ ಎರಡು ಗಂಟೆಯಲ್ಲಿ ಎತ್ತಿನ ಗಾಡಿಯೋ ಟ್ರ್ಯಾಕ್ಟರೋ ಜೀಪೋ ಹುಡುಕಿ, ರಕ್ತ ಕೊಡುವ ಆಸ್ಪತ್ರೆ ಮುಟ್ಟಬೇಕು.

2001–03ರಲ್ಲಿ ಕರ್ನಾಟಕದಲ್ಲಿ ಪ್ರತಿ ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. ದೇಶದ ಸರಾಸರಿ 301 ಇದ್ದುದರಿಂದ ನಮ್ಮದು ವಾಸಿ ಎಂದು ಸಮಾಧಾನಪಟ್ಟುಕೊಳ್ಳಬಹುದಾಗಿತ್ತು. ಆದರೆ ತಮಿಳುನಾಡು, ಕೇರಳಗಳ ಪಕ್ಕದಲ್ಲಿಟ್ಟು ನೋಡಿದರೆ ತಲೆ ತಗ್ಗಿಸಬೇಕಾದ ಅಂಕಿ. ರಾಜ್ಯದ ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದದ್ದು 1998–99ರ ಸಮೀಕ್ಷೆಯಂತೆ ಸುಮಾರು ಅರ್ಧ ಮಾತ್ರ. ಉಳಿದರ್ಧ ಮನೆಯಲ್ಲಿ, ಸೂಲಗಿತ್ತಿಯ ಅಥವಾ ಸಹಾಯಕಿಯ ಕೈಯಲ್ಲಿ ಆಗುತ್ತಿತ್ತು.

ರಕ್ತಸ್ರಾವ ತಡೆಯಲು ಆಗಲೂ ಈಗಲೂ ಮೊದಲ ಆಯ್ಕೆ ಆಕ್ಸಿಟೋಸಿನ್ ಚುಚ್ಚುಮದ್ದು. ಅದನ್ನು ತಂಪಿನಲ್ಲಿ ಇಡಬೇಕು, ಸೂಜಿ ಬೇಕು, ಚುಚ್ಚಲು ಬಲ್ಲ ಮತ್ತು ಚುಚ್ಚಲು ಅನುಮತಿಯಿರುವ ಕೈ ಬೇಕು. ಮಿಸೊಪ್ರೊಸ್ಟಾಲ್ ಮೂಲತಃ ಹೊಟ್ಟೆಹುಣ್ಣಿಗೆಂದು ಬಂದ ಮಾತ್ರೆ. ಗರ್ಭಕೋಶವನ್ನು ಬಿಗಿಸುವ ಗುಣ ಅದಕ್ಕಿದೆ, ಫ್ರಿಜ್ ಬೇಡ, ಸೂಜಿ ಬೇಡ. ಹಾಗಾದರೆ ಅದನ್ನೇ ಕೊಟ್ಟರಾಗದೆ? ಈ ಪ್ರಶ್ನೆಗೆ 2001ರಲ್ಲೇ ಒಂದು ಉತ್ತರ ಬಂದುಬಿಟ್ಟಿತ್ತು, ಅದೂ ನಿರಾಶೆಯ ಉತ್ತರ. ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳ ಆಸ್ಪತ್ರೆಗಳಲ್ಲಿ 18 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆಸಿದ ಅಧ್ಯಯನದಲ್ಲಿ ಆಕ್ಸಿಟೋಸಿನ್ ಚುಚ್ಚುಮದ್ದೇ ಮೇಲು ಎಂದು ಕಂಡಿತ್ತು. ಅನೇಕರ ಪಾಲಿಗೆ ಚರ್ಚೆ ಅಲ್ಲಿಗೆ ಮುಗಿದಂತೆಯೇ.

ಬೆಳಗಾವಿಯ ತಂಡದ ಜಾಣ್ಮೆ ಇರುವುದು ಇಲ್ಲಿ. ಆಸ್ಪತ್ರೆಯ ಅಧ್ಯಯನ ಕೇಳಿದ್ದು ‘ಚುಚ್ಚುಮದ್ದಿಗಿಂತ ಮಾತ್ರೆ ವಾಸಿಯೇ?’ ಎಂದು. ಚುಚ್ಚುಮದ್ದೇ ಇಲ್ಲದ ಮನೆಯಲ್ಲಿ ಆ ಪ್ರಶ್ನೆಗೆ ಅರ್ಥವಿಲ್ಲ. ಉಪಕೇಂದ್ರದ ಪ್ರಶ್ನೆ ‘ಏನೂ ಕೊಡದಿರುವುದಕ್ಕಿಂತ ಮಾತ್ರೆ ವಾಸಿಯೇ?’ ಎಂಬುದು. ಎರಡು ವಾಕ್ಯಗಳಿಗೆ ಒಂದೆರಡು ಪದಗಳ ವ್ಯತ್ಯಾಸವಷ್ಟೆ. ಆದರೆ ಜಿನೀವಾದಲ್ಲೋ ವಾಷಿಂಗ್ಟನ್ನಿನಲ್ಲೋ ಕುಳಿತವರಿಗೆ ಎರಡನೆಯದು ಹೊಳೆಯುವುದು ಕಷ್ಟ. ಹಳ್ಳಿಯ ಹೆರಿಗೆ ಕಂಡವರಿಗೆ ಅದು ಕಣ್ಣೆದುರೇ ಇರುತ್ತದೆ. ಇಡೀ ಸಹಭಾಗಿತ್ವದಲ್ಲಿ ಅತ್ಯಂತ ಬೆಲೆಯುಳ್ಳದ್ದು ಯಾವುದು ಎಂದು ಕೇಳಿದರೆ ನಾನು ಈ ಪ್ರಶ್ನೆಯನ್ನು ತೋರಿಸುತ್ತೇನೆ, ಅನುದಾನದ ಮೊತ್ತವನ್ನಲ್ಲ.

ಅಳೆಯುವುದು ಹೇಗೆ

ಪ್ರಶ್ನೆ ಸಿಕ್ಕಿತು, ಉತ್ತರ ಅಳೆಯುವ ಸಾಧನ ಇರಲಿಲ್ಲ. ಸಾವನ್ನೇ ಎಣಿಸೋಣವೆಂದರೆ, ಲಕ್ಷಕ್ಕೆ 228ರ ಲೆಕ್ಕದಲ್ಲಿ 1,620 ಹೆರಿಗೆಗಳಲ್ಲಿ ಎಲ್ಲ ಕಾರಣಗಳೂ ಸೇರಿ ನಿರೀಕ್ಷಿಸಬಹುದಾದದ್ದು ನಾಲ್ಕಕ್ಕಿಂತ ಕಡಿಮೆ. ಅಷ್ಟರಲ್ಲಿ ಯಾವ ತೀರ್ಮಾನಕ್ಕೂ ಬರಲಾಗದು. ಹಾಗಾಗಿ ರಕ್ತವನ್ನೇ ಅಳೆಯಬೇಕು: 500 ಮಿಲಿಲೀಟರ್ ದಾಟಿದರೆ ರಕ್ತಸ್ರಾವ, 1,000 ದಾಟಿದರೆ ತೀವ್ರ ರಕ್ತಸ್ರಾವ.

ಆದರೆ ಹೆರಿಗೆಯಾದ ಮನೆಯಲ್ಲಿ ರಕ್ತ ಹೋಗುವುದು ಎಲ್ಲಿಗೆ? ಹಳೆಯ ಸೀರೆಗೆ, ಗೋಣಿಚೀಲಕ್ಕೆ, ಮಣ್ಣಿನ ನೆಲಕ್ಕೆ. ಅಂದಾಜು ಮಾಡುವ ಕಣ್ಣು ಎಷ್ಟೇ ಅನುಭವಿಯಾದರೂ ಮೋಸ ಹೋಗುತ್ತದೆ. ಅದರ ಮೇಲೆ ‘ಕೆಟ್ಟ ರಕ್ತ, ಹೋಗಲಿ ಬಿಡು’ ಎಂಬ ಹಿರಿಯರ ನಂಬಿಕೆ ಬೇರೆ. ಹೆರಿಗೆಯ ನಂತರ ಸ್ವಲ್ಪ ರಕ್ತ ಹೋಗುವುದು ಸಹಜವೇ ಆದ್ದರಿಂದ ಆ ನಂಬಿಕೆಯನ್ನು ಪೂರ್ತಿ ಸುಳ್ಳು ಎನ್ನುವಂತೆಯೂ ಇಲ್ಲ. ಎಲ್ಲಿಗೆ ನಿಲ್ಲಬೇಕು ಎಂಬ ಗೆರೆ ಅದರಲ್ಲಿಲ್ಲ, ಅಷ್ಟೆ.

ಆ ಗೆರೆಯನ್ನು ತಂಡ ಪ್ಲಾಸ್ಟಿಕ್ ಮೇಲೆ ಎಳೆಯಿತು. ಮಗು ಹುಟ್ಟಿದ ಕೂಡಲೇ ಬಾಣಂತಿಯ ಸೊಂಟದ ಕೆಳಗೆ ಹಾಸುವ ಹಾಳೆ, ಹೊಟ್ಟೆಯ ಸುತ್ತ ಕಟ್ಟಲು ಎರಡು ಪಟ್ಟಿ, ಹಾಳೆಯ ಕೆಳಗೆ ಆಲಿಕೆಯಂತೆ ಇಳಿಬಿದ್ದ ಚೀಲ, ಚೀಲದ ಮೇಲೆ ಮಿಲಿಲೀಟರ್ ಗುರುತುಗಳು. ಇದನ್ನು ರೂಪಿಸಿದವರ ಹೆಸರುಗಳ ಮೊದಲಕ್ಷರ ಕೂಡಿಸಿ ‘ಬ್ರಾಸ್–ವಿ’ ಹಾಳೆ ಎಂದು ಕರೆದರು. ಇದರಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲ, ಓದಲು ತರಬೇತಿ ಹೆಚ್ಚು ಬೇಡ. 123 ಹೆಂಗಸರ ಮೇಲೆ ಪ್ರತ್ಯೇಕವಾಗಿ ನಡೆಸಿದ ಹೋಲಿಕೆಯಲ್ಲಿ ಕಣ್ಣಂದಾಜಿನ ಸರಾಸರಿ ಹಾಳೆಯ ಅಳತೆಗಿಂತ ಶೇ 33ರಷ್ಟು ಕಡಿಮೆ ಇತ್ತು. ಅಂದರೆ ಮೂರು ಲೋಟ ರಕ್ತ ಹೋದಲ್ಲಿ ಎರಡೇ ಲೋಟ ಎಂದು ಬರೆಯಲಾಗುತ್ತಿತ್ತು. ಅಲ್ಲಿಯವರೆಗಿನ ಎಷ್ಟು ಹೆರಿಗೆ ದಾಖಲೆಗಳಲ್ಲಿ ‘ರಕ್ತಸ್ರಾವ ಸಾಧಾರಣ’ ಎಂದು ಬರೆದಿತ್ತೋ ಅವನ್ನೆಲ್ಲ ಅನುಮಾನದಿಂದ ನೋಡುವಂತೆ ಮಾಡುವ ಅಂಕಿ ಇದು.

ಪಕ್ಕದಲ್ಲಿ ಕುಳಿತವರು

ಹಾಳೆ ತಾನಾಗಿ ಏನನ್ನೂ ಅಳೆಯುವುದಿಲ್ಲ. ಹೆರಿಗೆಯಾದ ಮೇಲೆ ಕನಿಷ್ಠ ಒಂದು ಗಂಟೆ, ರಕ್ತ ನಿಲ್ಲದಿದ್ದರೆ ಎರಡು ಗಂಟೆ, ಸಹಾಯಕಿ ಅಲ್ಲೇ ಇರಬೇಕು. ಬಯಲು ಸೀಮೆಯಲ್ಲಿ ಒಂದು ಉಪಕೇಂದ್ರಕ್ಕೆ 5,000 ಜನಸಂಖ್ಯೆ ಎಂಬುದು ಸರ್ಕಾರದ ಮಾನದಂಡ. ಲಸಿಕೆ, ಕುಟುಂಬ ಯೋಜನೆ, ಮಲೇರಿಯಾ ರಕ್ತಲೇಪ, ತಿಂಗಳ ವರದಿ, ಸಭೆ, ಎಲ್ಲ ಆ ಒಬ್ಬಳ ತಲೆಯ ಮೇಲೆ. 1,620 ಹೆರಿಗೆಗಳನ್ನು 25 ಮಂದಿಗೂ 40 ತಿಂಗಳಿಗೂ ಹಂಚಿದರೆ ಒಬ್ಬೊಬ್ಬರಿಗೆ ತಿಂಗಳಿಗೆ ಎರಡಕ್ಕಿಂತ ಕಡಿಮೆ ಬರುತ್ತದೆ. ಕಾಗದದ ಮೇಲೆ ಹಗುರ. ಆದರೆ ಹೆರಿಗೆ ಕಚೇರಿ ವೇಳೆ ನೋಡಿ ಆಗುವುದಿಲ್ಲ, ಮತ್ತು ತಪ್ಪಿಸಿಕೊಂಡ ಹೆರಿಗೆ ಲೆಕ್ಕಕ್ಕೆ ಸಿಗುವುದಿಲ್ಲ.

ಇದರಲ್ಲಿ ನಮ್ಮ ಕಡೆಯ ಒಂದು ತೊಡಕೂ ಇದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಗಂಡನ ಊರಿನ ಉಪಕೇಂದ್ರದಲ್ಲಿ ಹೆಸರು ಬರೆಸಿದವಳು ಏಳನೆಯ ತಿಂಗಳ ಕುಬಸ (ಸೀಮಂತ) ಮುಗಿಸಿ ಬೇರೆ ತಾಲ್ಲೂಕಿಗೆ ಹೊರಟುಹೋಗುತ್ತಾಳೆ. ಇನ್ನೆಲ್ಲಿಂದಲೋ ತುಂಬುಗರ್ಭಿಣಿಯೊಬ್ಬಳು ಈ ಊರಿನ ತವರಿಗೆ ಬಂದಿಳಿಯುತ್ತಾಳೆ. ಊರಿನ ಗಡಿ ಹಾಕಿಕೊಂಡು ನಡೆಸುವ ಯಾವುದೇ ತಾಯಿ–ಮಕ್ಕಳ ಅಧ್ಯಯನ ಉತ್ತರ ಕರ್ನಾಟಕದಲ್ಲಿ ಈ ಓಡಾಟವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಅಮೆರಿಕದಲ್ಲಿ ಬರೆದ ಸಂಶೋಧನಾ ನಿಯಮಾವಳಿಯಲ್ಲಿ ಕುಬಸಕ್ಕೆ ಕಲಂ ಇರುವುದಿಲ್ಲ. ಯಾವ ಮನೆಗೆ ಯಾವ ಮಗಳು ಬಂದಿದ್ದಾಳೆ ಎಂಬುದು ಸಹಾಯಕಿಗೆ ಮತ್ತು ಸೂಲಗಿತ್ತಿಗೆ ಗೊತ್ತಿರುತ್ತದೆ. ಸಮುದಾಯ ಸಂಪರ್ಕ ಎಂಬ ದೊಡ್ಡ ಮಾತಿನ ಒಳಗೆ ಬಹುಪಾಲು ಇರುವುದು ಈ ಸಣ್ಣ ತಿಳಿವಳಿಕೆಯೇ.

ಒಪ್ಪಿಗೆಯ ಭಾಷೆ

ಈಗ ಮುಜುಗರದ ಭಾಗ. ಔಷಧಿಯಿಲ್ಲದ ಮಾತ್ರೆಯನ್ನು 808 ಮಂದಿಗೆ ಕೊಡುವುದು ಸರಿಯೇ? ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ, ವಿಶ್ವ ವೈದ್ಯಕೀಯ ಸಂಘದ ಹೆಲ್ಸಿಂಕಿ ಘೋಷಣೆ 2000ನೇ ಇಸವಿಯಲ್ಲಿ ಪರಿಷ್ಕಾರಗೊಂಡಾಗ, ಹೊಸ ಔಷಧಿಯನ್ನು ಲಭ್ಯವಿರುವ ಅತ್ಯುತ್ತಮ ಚಿಕಿತ್ಸೆಯೊಂದಿಗೆ ಹೋಲಿಸಬೇಕು ಎಂದು ಬಿಗಿಯಾಗಿ ಹೇಳಿತ್ತು. ಬೆಳಗಾವಿಯ ಕೆಲಸ ಶುರುವಾದ 2002ರಲ್ಲೇ ಅದೇ ಕಲಮಿಗೆ ಒಂದು ಸ್ಪಷ್ಟೀಕರಣವೂ ಸೇರಿತು: ಬಲವಾದ ವೈಜ್ಞಾನಿಕ ಕಾರಣಗಳಿದ್ದರೆ ಪ್ಲಾಸಿಬೊ, ಅಂದರೆ ಔಷಧಿಯಿಲ್ಲದ ಮಾತ್ರೆ, ಬಳಸಬಹುದು. ವಾದ ಆಗ ಜಗತ್ತಿನಾದ್ಯಂತ ಬಿಸಿಯಾಗಿತ್ತು.

ತಂಡದ ಸಮರ್ಥನೆ ಇದು: ಅಲ್ಲಿಯ ಮನೆ ಮತ್ತು ಉಪಕೇಂದ್ರದ ಹೆರಿಗೆಗಳಲ್ಲಿ ಆಗ ರೂಢಿಯಲ್ಲಿದ್ದದ್ದು ಯಾವ ಔಷಧಿಯನ್ನೂ ಕೊಡದೆ ಕಾಯುವುದು, ಪ್ಲಾಸಿಬೊ ಪಡೆದವರಿಂದ ಇದ್ದದ್ದೇನನ್ನೂ ಕಿತ್ತುಕೊಂಡಂತಾಗಲಿಲ್ಲ. ತರ್ಕ ನಿಲ್ಲುತ್ತದೆ. ಆದರೂ ಒಂದು ಮುಳ್ಳು ಉಳಿಯುತ್ತದೆ. ಅತ್ಯುತ್ತಮ ಚಿಕಿತ್ಸೆ ಹಳ್ಳಿಗೆ ಬಂದಿರಲಿಲ್ಲ ಎಂಬುದು ಪ್ರಕೃತಿಯ ನಿಯಮವಾಗಿರಲಿಲ್ಲ. ಬಡತನವೂ ಆಡಳಿತವೂ ಸೇರಿ ಮಾಡಿದ ಸ್ಥಿತಿ ಅದು. ಆ ಸ್ಥಿತಿಯನ್ನೇ ಹೋಲಿಕೆಯ ತಳಪಾಯವಾಗಿ ಬಳಸಿದಾಗ, ಸಂಶೋಧನೆ ಮುಗಿದ ಮೇಲೆ ಅದು ಬದಲಾಗುವಂತೆ ನೋಡಿಕೊಳ್ಳುವ ಹೊಣೆ ಸಂಶೋಧಕರಿಗೆ ಅಂಟಿಕೊಳ್ಳುತ್ತದೆ. ಅಧ್ಯಯನ ಸರಿಯೋ ತಪ್ಪೋ ಎಂದು ನನ್ನನ್ನು ಕೇಳಿದರೆ, ಸರಿ ಎನ್ನುತ್ತೇನೆ; ಆದರೆ ಆ ಸರಿತನದ ಅರ್ಧ ಭಾಗ 2006ರ ನಂತರ ಏನಾಯಿತು ಎಂಬುದರ ಮೇಲೆ ನಿಂತಿದೆ.

ಒಪ್ಪಿಗೆ ಕೇಳುವ ಕಷ್ಟವನ್ನು ಭಾಷೆಯ ಮಟ್ಟದಲ್ಲೇ ನೋಡಬಹುದು. ಸಂಶೋಧನೆಯನ್ನು ಕನ್ನಡದಲ್ಲಿ ‘ಪ್ರಯೋಗ’ ಎಂದರೆ ಹಳ್ಳಿಯಲ್ಲಿ ಮಾಟ–ಮಂತ್ರದ ನೆನಪಾಗುತ್ತದೆ. ‘ನಮ್ಮ ಸೊಸೆಯ ಮೇಲೆ ಪ್ರಯೋಗ ಮಾಡುತ್ತೀರಾ?’ ಎಂದು ಅತ್ತೆ ಕೇಳಿದರೆ ಅದಕ್ಕೆ ಎರಡು ಅರ್ಥವೂ ಇರುತ್ತದೆ. ಪ್ಲಾಸಿಬೊವನ್ನು ‘ಹುಸಿಮಾತ್ರೆ’ ಎಂದು ಅನುವಾದಿಸಿದರೆ ಸುಳ್ಳು ಹೇಳಿದಂತೆ ಕೇಳಿಸುತ್ತದೆ, ‘ಸಕ್ಕರೆ ಮಾತ್ರೆ’ ಎಂದರೆ ತಮಾಷೆ ಮಾಡಿದಂತೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ ಎಂದರೆ ಅರ್ಥವೇನೋ ಆಗುತ್ತದೆ, ಆದರೆ ‘ದೊಡ್ಡ ಡಾಕ್ಟರಿಗೂ ಗೊತ್ತಿಲ್ಲವೇ?’ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಗೊತ್ತಿಲ್ಲ, ಗೊತ್ತಿಲ್ಲದ ಕಾರಣಕ್ಕೇ ಕೇಳುತ್ತಿದ್ದೇವೆ ಎಂದು ಒಪ್ಪಿಕೊಳ್ಳಲು ನಮ್ಮ ವೈದ್ಯಕೀಯ ಸಂಸ್ಕೃತಿಯಲ್ಲಿ ಅಭ್ಯಾಸ ಕಡಿಮೆ. ಬೆಳಗಾವಿಯ ಗಡಿ ಹಳ್ಳಿಗಳಲ್ಲಿ ಇದನ್ನೆಲ್ಲ ಮರಾಠಿಯಲ್ಲೂ ಹೇಳಬೇಕು. ಇನ್ನು ಬೇನೆ ತಿನ್ನುತ್ತಿರುವವಳ ಮುಂದೆ ಕಾಗದ ಹಿಡಿದು ಪಡೆದ ಹೆಬ್ಬೆಟ್ಟು ಯಾವ ಅರ್ಥದಲ್ಲೂ ಒಪ್ಪಿಗೆಯಲ್ಲ. ಮಾತು ಬಸುರಿನ ತಿಂಗಳುಗಳಲ್ಲೇ, ಆತುರವಿಲ್ಲದಾಗ ಆಗಿರಬೇಕು.

ಫಲಿತಾಂಶ

ಪ್ಲಾಸಿಬೊ ಗುಂಪಿನಲ್ಲಿ ಶೇ 12ರಷ್ಟು ಮಂದಿಗೆ ರಕ್ತಸ್ರಾವವಾಯಿತು, ಮಿಸೊಪ್ರೊಸ್ಟಾಲ್ ಗುಂಪಿನಲ್ಲಿ ಶೇ 6.4. ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ ಇಳಿಯಿತು. ಸರಾಸರಿ ರಕ್ತನಷ್ಟ 262 ಮಿಲಿಲೀಟರಿನಿಂದ 214ಕ್ಕೆ ಬಂತು. 18 ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂದು ಲೆಕ್ಕ ಹಾಕಲಾಯಿತು. ಮಾತ್ರೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸ್ವಲ್ಪ ಹೊತ್ತು ನಡುಕ ಬಂತು, ಕೆಲವರಿಗೆ ಜ್ವರ, ತಾನಾಗಿ ಇಳಿಯುವಂಥವು.

ಸರಾಸರಿಯಲ್ಲಿ 48 ಮಿಲಿಲೀಟರಿನ ವ್ಯತ್ಯಾಸ ಎಂದರೆ ಒಂದು ಸಣ್ಣ ಕಪ್ ಚಹಾದಷ್ಟೂ ಇಲ್ಲವಲ್ಲ ಎನ್ನಬಹುದು. ಸರಾಸರಿ ಇಲ್ಲಿ ದಾರಿ ತಪ್ಪಿಸುತ್ತದೆ. ಹೆಚ್ಚಿನ ಹೆಂಗಸರಿಗೆ ಮಾತ್ರೆಯಿಂದ ಏನೂ ವ್ಯತ್ಯಾಸವಾಗುವುದಿಲ್ಲ, ಅವರ ಗರ್ಭಕೋಶ ತಾನೇ ಬಿಗಿಯುತ್ತದೆ. ಲಾಭವೆಲ್ಲ ಬಿಗಿಯದ ಕೆಲವರಲ್ಲಿ ತುಂಬಿಕೊಂಡಿರುತ್ತದೆ. ಹಿಮೊಗ್ಲೋಬಿನ್ ಮೊದಲೇ ಕುಸಿದಿರುವ ನಮ್ಮ ಹೆಂಗಸರಲ್ಲಿ, ಗಟ್ಟಿಮುಟ್ಟಾದವಳು ತಡೆದುಕೊಳ್ಳಬಲ್ಲ 700 ಮಿಲಿಲೀಟರ್ ನಷ್ಟವೂ ಜೀವಕ್ಕೆ ಕುತ್ತಾಗಬಹುದು. ವಿಪರ್ಯಾಸವೆಂದರೆ ತೀರಾ ರಕ್ತಹೀನತೆ ಇದ್ದವರನ್ನು ಸುರಕ್ಷತೆಯ ಕಾರಣಕ್ಕೆ ಅಧ್ಯಯನದಿಂದ ಹೊರಗೇ ಇಡಲಾಗಿತ್ತು. ಮಾತ್ರೆಯ ಅಗತ್ಯ ಯಾರಿಗೆ ಅತಿ ಹೆಚ್ಚೋ ಅವರ ಬಗ್ಗೆ ಈ ಅಂಕಿಗಳು ನೇರವಾಗಿ ಏನನ್ನೂ ಹೇಳುವುದಿಲ್ಲ.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. 2012ರ ಮಾರ್ಗಸೂಚಿಯಲ್ಲಿ, ಆಕ್ಸಿಟೋಸಿನ್ ಸಿಗದ ಕಡೆ ಸಮುದಾಯದ ಆರೋಗ್ಯ ಕಾರ್ಯಕರ್ತರೇ 600 ಮೈಕ್ರೋಗ್ರಾಂ ಮಾತ್ರೆ ಕೊಡಬಹುದು ಎಂದಿತು. ಬೆಳಗಾವಿಯ ಮೂರು ಮಾತ್ರೆಗಳಷ್ಟೇ ಪ್ರಮಾಣ, ಅಂಥದೇ ಕೈಗಳು. ಅದೇ 2012ರಲ್ಲಿ ಬ್ರಿಟನ್ನಿನ ಸಂಶೋಧಕರ ಗುಂಪೊಂದು, ಮನೆ ಹೆರಿಗೆಗಳಲ್ಲಿ ಮಿಸೊಪ್ರೊಸ್ಟಾಲ್ ಬಳಸಲು ಇರುವ ಸಾಕ್ಷ್ಯ ಸಾಲದು ಎಂದು ವಾದಿಸಿತು.

ಟೀಕೆಯನ್ನು ತಳ್ಳಿಹಾಕುವ ಬದಲು ಅದರ ಜಾಡು ಹಿಡಿದು ಹೋದರೆ ಒಂದು ಸಂಗತಿ ಕಾಣಿಸುತ್ತದೆ. ಅಧ್ಯಯನದಲ್ಲಿ ಪಾಲುಗೊಂಡ ಪ್ರತಿಯೊಬ್ಬಳಿಗೂ, ಅವಳಿಗೆ ಸಿಕ್ಕಿದ್ದು ಔಷಧಿಯಾಗಲಿ ಖಾಲಿ ಮಾತ್ರೆಯಾಗಲಿ, ತರಬೇತಾದ ಒಬ್ಬ ಸಹಾಯಕಿ ಒಂದೆರಡು ಗಂಟೆ ಪಕ್ಕದಲ್ಲಿದ್ದಳು. ಗುರುತು ಹಾಕಿದ ಚೀಲ ನೋಡುತ್ತಿದ್ದಳು. ಮಿತಿ ಮೀರಿದರೆ ಏನು ಮಾಡಬೇಕೆಂದು ಅವಳಿಗೆ ತಿಳಿದಿತ್ತು. ಇದು ಯಾವ ಕೋಷ್ಟಕದಲ್ಲೂ ‘ಚಿಕಿತ್ಸೆ’ ಎಂದು ನಮೂದಾಗಿಲ್ಲ. ಎರಡೂ ಗುಂಪಿಗೆ ಸಮಾನವಾಗಿ ಸಿಕ್ಕಿದ್ದರಿಂದ ಅದರ ಪರಿಣಾಮವನ್ನು ಈ ಅಧ್ಯಯನ ಅಳೆಯಲಾರದು. ಮಾತ್ರೆಯನ್ನು ಮುಂಚಿತವಾಗಿ ಬಸುರಿಯ ಕೈಗೇ ಕೊಟ್ಟುಬಿಡುವ ಯೋಜನೆಗಳು ನಂತರ ಬಂದವು. ಅವು ಮಾತ್ರೆಯನ್ನು ಸಾಗಿಸಿದವು, ಪಕ್ಕದಲ್ಲಿ ಕುಳಿತವಳನ್ನು ಸಾಗಿಸಲಿಲ್ಲ.

ನಂತರ

ಅಧ್ಯಯನ ಮುಗಿಯುವ ಹೊತ್ತಿಗೆ ಅದರ ಕೆಳಗಿನ ನೆಲವೇ ಸರಿಯತೊಡಗಿತ್ತು. 2005ರ ಏಪ್ರಿಲ್‌ನಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಸ್ಪತ್ರೆಯಲ್ಲಿ ಹೆತ್ತವರಿಗೆ ಹಣ. ಆಶಾ ಕಾರ್ಯಕರ್ತೆಯರು ಬಂದರು, ನಂತರ 108 ಆಂಬುಲೆನ್ಸ್. ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ 2005–06ರ ಸಮೀಕ್ಷೆಯಲ್ಲಿ ಸುಮಾರು ಶೇ 65 ಇದ್ದದ್ದು 2019–20ರ ವೇಳೆಗೆ ಶೇ 97 ತಲುಪಿತು. ತಾಯಿ ಮರಣ ಪ್ರಮಾಣ 2018–20ರಲ್ಲಿ 69ಕ್ಕೆ ಇಳಿಯಿತು. ಈ ಇಳಿಕೆಯ ಶ್ರೇಯಸ್ಸನ್ನು ಮೂರು ಮಾತ್ರೆಗಳಿಗೆ ಕಟ್ಟುವುದು ಅಪ್ಪಟ ಅತಿಶಯೋಕ್ತಿಯಾದೀತು. ಮನೆ ಹೆರಿಗೆಗೆಂದು ಕಂಡುಕೊಂಡ ಉತ್ತರಕ್ಕೆ ಮನೆ ಹೆರಿಗೆಯೇ ಇಲ್ಲವಾಯಿತು. ಬೆಳಗಾವಿಯ ಉತ್ತರದ ನಿಜವಾದ ಉಪಯೋಗ ಬಹುಶಃ ಅದು ಹುಟ್ಟಿದ ಜಿಲ್ಲೆಗಿಂತ ಹೊರಗೆ, ಆಸ್ಪತ್ರೆ ಇನ್ನೂ ದೂರವಿರುವ ನಾಡುಗಳಲ್ಲಿ ಆಯಿತು.

ಹಾಗಾದರೆ ಬೆಳಗಾವಿಗೆ ಉಳಿದದ್ದೇನು? ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು ಅಭ್ಯಾಸ. ಹಳ್ಳಿಯಲ್ಲಿ ನಿಖರವಾಗಿ ಅಳೆಯಬಹುದು, ಸಹಾಯಕಿ ಬರೆದ ಅಂಕಿಯನ್ನು ಜಗತ್ತು ನಂಬುತ್ತದೆ ಎಂಬ ಅಭ್ಯಾಸ. ಅದರ ಮೇಲೆ ಮುಂದಿನ ಕೆಲಸಗಳು ನಿಂತವು. ಆಯ್ದ ಹಳ್ಳಿಗಳಲ್ಲಿ ಪ್ರತಿ ಬಸುರಿಯ ಹೆಸರು ಬರೆದು ಹೆರಿಗೆಯಾಗಿ ಆರು ವಾರದವರೆಗೆ ಹಿಂಬಾಲಿಸುವ ನೋಂದಣಿ ವ್ಯವಸ್ಥೆ ಬಂತು. ರಕ್ತಸ್ರಾವ ತಡೆಯುವ, ಫ್ರಿಜ್ ಬೇಡದ ಕಾರ್ಬೆಟೋಸಿನ್ ಚುಚ್ಚುಮದ್ದನ್ನು ಹತ್ತು ದೇಶಗಳ ಸುಮಾರು 30 ಸಾವಿರ ಹೆಂಗಸರಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಳಗಾವಿಯೂ ಇತ್ತು. ಕಡಿಮೆ ಪ್ರಮಾಣದ ಆಸ್ಪಿರಿನ್ ಅವಧಿಪೂರ್ವ ಹೆರಿಗೆಯನ್ನು ತಗ್ಗಿಸುತ್ತದೆಯೇ ಎಂದು ಆರು ದೇಶಗಳ 11,976 ಹೆಂಗಸರಲ್ಲಿ ನೋಡಿದ 2020ರ ಅಧ್ಯಯನದಲ್ಲೂ ಇತ್ತು. ಅಲ್ಲಿ ಪ್ರಮಾಣ ಶೇ 13.1ರಿಂದ ಶೇ 11.6ಕ್ಕೆ ಇಳಿಯಿತು. ಜೋಡಿ ವಿಶ್ವವಿದ್ಯಾಲಯ ಈಗ ಫಿಲಡೆಲ್ಫಿಯಾದ ಥಾಮಸ್ ಜೆಫರ್ಸನ್. ಇಪ್ಪತ್ತು ವರ್ಷ ಬಾಳಿದ ಒಡನಾಟ ಇದು. ಸಹಿಯಾದ ಮರುವರ್ಷವೇ ಧೂಳು ಹಿಡಿಯುವ ಒಪ್ಪಂದಗಳ ನಡುವೆ ಅಪರೂಪ.

ಆದರೆ ಇದರ ತಳಪಾಯ ವಿದೇಶಿ ಅನುದಾನ. 2025ರ ಮೇ ತಿಂಗಳಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ತಮ್ಮ ದೇಶದ ವಿಶ್ವವಿದ್ಯಾಲಯಗಳ ಮೂಲಕ ಹೊರದೇಶಗಳಿಗೆ ಹೋಗುವ ಉಪ ಅನುದಾನಗಳನ್ನು ಹೊಸ ವ್ಯವಸ್ಥೆ ಬರುವವರೆಗೆ ನೀಡುವುದಿಲ್ಲ ಎಂದು ಘೋಷಿಸಿದಾಗ, ಇಂಥ ಜೋಡಿ ಕೇಂದ್ರಗಳು ಎಷ್ಟು ತೆಳುವಾದ ದಾರಕ್ಕೆ ನೇತುಬಿದ್ದಿವೆ ಎಂಬುದು ಎಲ್ಲರಿಗೂ ಕಾಣಿಸಿತು. ಬಸುರಿಯರ ನೋಂದಣಿಯಂಥ ಕೆಲಸವನ್ನು ಕನಿಷ್ಠ ರಾಜ್ಯ ಸರ್ಕಾರವಾದರೂ ತನ್ನ ಬಜೆಟ್ಟಿನಲ್ಲಿ ಹಿಡಿಯಬಾರದೇಕೆ ಎಂಬುದು ಕೇಳಬೇಕಾದ ಪ್ರಶ್ನೆ. ಅದರ ವೆಚ್ಚದ ಬಹುಭಾಗ ಜನರ ಸಂಬಳವೇ, ಯಂತ್ರಗಳಲ್ಲ.

2006ರ ಲೇಖನಕ್ಕೆ 12 ಮಂದಿ ಲೇಖಕರಿದ್ದಾರೆ. ಭಾರತೀಯರ ಹೆಸರುಗಳಿಗೆ ಕೊರತೆಯಿಲ್ಲ, ಆ ಮಟ್ಟಿಗೆ ಈ ಸಹಭಾಗಿತ್ವ ಆ ಕಾಲದ ಅನೇಕ ಅಂಥವುಗಳಿಗಿಂತ ಮೇಲು. ಆದರೆ 25 ಸಹಾಯಕಿಯರಲ್ಲಿ ಒಬ್ಬರೂ ಲೇಖಕರ ಸಾಲಿನಲ್ಲಿಲ್ಲ. ವೈಜ್ಞಾನಿಕ ಪತ್ರಿಕೆಗಳ ಕರ್ತೃತ್ವದ ನಿಯಮಗಳು ಹಾಗಿವೆ ಎನ್ನುವುದು ನಿಜ. ಸಹಾಯಕಿಯರ ಹುದ್ದೆಯ ಹೆಸರು ಕರ್ನಾಟಕದಲ್ಲಿ ಈಗ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’ ಎಂದಾಗಿದೆ. ಹೊರುವ ಚೀಲ ಹಾಗೆಯೇ ಇದೆ.

ಮಾತ್ರೆಗಿಂತ ಹಾಳೆಯ ಬಾಳು ಹೆಚ್ಚು ಉದ್ದವಾಯಿತು. 2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಗುರುತು ಹಾಕಿದ ಹಾಳೆಯಿಂದ ರಕ್ತಸ್ರಾವವನ್ನು ಬೇಗ ಪತ್ತೆ ಹಚ್ಚಿ, ಚಿಕಿತ್ಸೆಗಳನ್ನು ಒಂದಾದ ಮೇಲೊಂದರಂತೆ ಕಾಯದೆ ಒಟ್ಟಿಗೆ ಕೊಟ್ಟಾಗ ತೀವ್ರ ರಕ್ತಸ್ರಾವ, ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ ಅಥವಾ ಸಾವು ಶೇ 4.3ರ ಬದಲು ಶೇ 1.6ಕ್ಕೆ ನಿಂತಿತು. ರಕ್ತಸ್ರಾವ ಪತ್ತೆಯಾಗುವ ಪ್ರಮಾಣ ಶೇ 51ರಿಂದ ಶೇ 93ಕ್ಕೆ ಏರಿತು. ಬೆಳಗಾವಿಯಿಂದ ಅಲ್ಲಿಗೆ ನೇರ ವಂಶಾವಳಿ ಎಳೆಯುವುದು ದುಡುಕಾದೀತು, ಅಂಥ ಹಾಳೆಗಳು ಹಲವು ರೂಪಗಳಲ್ಲಿ ಬಂದಿವೆ. ಆದರೂ ಆ ಚೀಲದ ಚಿತ್ರ ನೋಡಿದವರಿಗೆ ಮುಖಚಹರೆ ಅಪರಿಚಿತ ಅನ್ನಿಸದು. ಅಲ್ಲಿಯ ವಿಧಾನದಂತೆ ಹೆರಿಗೆಯ ನಂತರದ ಮೊದಲ ಗಂಟೆಯಲ್ಲಿ ಪ್ರತಿ 15 ನಿಮಿಷಕ್ಕೊಮ್ಮೆ ಯಾರಾದರೂ ಬಂದು ಚೀಲದ ಗೆರೆ ನೋಡಬೇಕು. ಬೆಳಗಾವಿಯ ಹಳ್ಳಿಮನೆಯಲ್ಲಿ ಆ ಒಂದು ಗಂಟೆ ಒಬ್ಬ ಸಹಾಯಕಿಗೆ ಒಬ್ಬಳೇ ಬಾಣಂತಿಯಿದ್ದಳು. ಇಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ರಾತ್ರಿ ಪಾಳಿಯ ಶುಶ್ರೂಷಾಧಿಕಾರಿ ಒಂದು ಹಾಸಿಗೆಯ ಚೀಲ ನೋಡಿ ಮುಗಿಸುವಷ್ಟರಲ್ಲಿ ಮೂರನೆಯ ಹಾಸಿಗೆಯಿಂದ ಕೂಗು ಬಂದಿರುತ್ತದೆ.